ಸೂಜಿಯ ಚರಿತ್ರೆಯೂ ಒಂದು ಹೊಸ ಯಂತ್ರವೂ

ಕೈಗಾರಿಕಾ ಕ್ರಾಂತಿಯ ಪಾಠವನ್ನು ನನ್ನ ಬಳಿ ಕಲಿತವರಿಗೆ ಆ ಪಟ್ಟಿ ಇನ್ನೂ ನೆನಪಿದ್ದೀತು. ಹಾರ್‌ಗ್ರೀವ್ಸನ ಸ್ಪಿನ್ನಿಂಗ್ ಜೆನ್ನಿ, ಆರ್ಕ್‌ರೈಟನ ವಾಟರ್ ಫ್ರೇಮ್, ಕ್ರಾಂಪ್ಟನನ ಮ್ಯೂಲ್, ಕಾರ್ಟ್‌ರೈಟನ ಯಂತ್ರಮಗ್ಗ. ಹೆಸರು ಒಂದು ಕಡೆ, ಯಂತ್ರ ಇನ್ನೊಂದು ಕಡೆ ಬರೆದು ಹೊಂದಿಸಿದರೆ ನಾಲ್ಕು ಅಂಕ. ನೂಲುವ ಯಂತ್ರ 1764ರ ಸುಮಾರಿಗೆ ಬಂದಿತು, ನೇಯುವ ಯಂತ್ರ 1785ರಲ್ಲಿ ಬಂದಿತು. ಆದರೆ ನೇಯ್ದ ಬಟ್ಟೆಯನ್ನು ಹೊಲಿಯುವ ಯಂತ್ರದ ಸುದ್ದಿಯೇ ಆ ಪಾಠದಲ್ಲಿ ಇರುತ್ತಿರಲಿಲ್ಲ. ನಮ್ಮ ಪ್ರತಿಯೊಬ್ಬರ ಮನೆಯೊಳಗೆ ಬಂದು ಕುಳಿತ ಯಂತ್ರ ಅದೊಂದೇ. ಜೆನ್ನಿಯನ್ನಾಗಲಿ ಮ್ಯೂಲನ್ನಾಗಲಿ ನಾವಾರೂ ಕಣ್ಣಾರೆ ಕಂಡವರಲ್ಲ. ಆ ಬಿಟ್ಟುಹೋದ ಯಂತ್ರದ ಚರಿತ್ರೆಯನ್ನು ಇಂದು ಬರೆಯುತ್ತಿದ್ದೇನೆ.

ಇದಕ್ಕೆ ಕಾರಣಳಾದವಳು ನನ್ನ ಹಳೆಯ ವಿದ್ಯಾರ್ಥಿನಿ. ಆರ್.ಟಿ. ನಗರದಲ್ಲಿ ಸಣ್ಣದೊಂದು ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾಳೆ. ಒಂದು ಹಳೆಯ ಉಷಾ ಯಂತ್ರ, ಸೀರೆಯ ಫಾಲ್ ಮತ್ತು ಪಿಕೋ ಮಾಡಲು ಇನ್ನೊಂದು ಯಂತ್ರ, ಕಾಜ ಗುಂಡಿ ಹಾಕಲು ನೆರವಾಗುವ ಒಬ್ಬ ಹುಡುಗಿ; ಇಷ್ಟು ಅವಳ ಬಂಡವಾಳ. ಹೊಲಿಗೆ ಮತ್ತು ಕಸೂತಿ ಎರಡನ್ನೂ ಮಾಡುವ, ಕಂಪ್ಯೂಟರ್ ಅಳವಡಿಸಿದ ಹೊಸ ಯಂತ್ರವೊಂದನ್ನು ಮಾರಾಟದವರು ಅವಳಿಗೆ ತೋರಿಸಿದ್ದರು. ಬೆಲೆ ಒಂದೂವರೆ ಲಕ್ಷದ ಆಸುಪಾಸು. ಹಳೆಯ ಯಂತ್ರ ಕೊಟ್ಟರೆ ಸ್ವಲ್ಪ ಕಡಿಮೆ ಮಾಡುತ್ತೇವೆ ಎಂದೂ ಹೇಳಿದ್ದರು. "ಮೇಡಂ, ಕ್ಲಾಸಲ್ಲಿ ನೀವು ಯಾವಾಗ್ಲೂ ಹಿಂದೆ ಏನಾಗಿತ್ತು ನೋಡಿ ಅಂತಿದ್ರಲ್ಲ, ಈ ಮಷೀನು ತಗೊಳ್ಳೋ ವಿಷಯಕ್ಕೆ ನಿಮ್ಮ ಹಿಸ್ಟರಿ ಏನು ಹೇಳುತ್ತೆ?" ಎಂದು ಫೋನಿನಲ್ಲಿ ಕೇಳಿದಳು. ನಿವೃತ್ತಳಾದ ಮೇಲೆ ಇಂತಹ ನೇರವಾದ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಎಂಟು ದಿನ ಸಮಯ ಕೊಡು ಎಂದೆ.

ಮೊದಲು ಒಂದು ಸಂದೇಹ. ನೂಲುವುದೂ ನೇಯುವುದೂ ಯಂತ್ರಕ್ಕೆ ಒಲಿದು ದಶಕಗಳು ಕಳೆದರೂ ಹೊಲಿಯುವುದು ಏಕೆ ಒಲಿಯಲಿಲ್ಲ? ಕೈಯಿಂದ ಹೊಲಿಯುವವರನ್ನು ಗಮನಿಸಿದರೆ ಉತ್ತರ ದೊರೆಯುತ್ತದೆ. ಸೂಜಿಯು ಬಟ್ಟೆಯನ್ನು ಪೂರ್ತಿಯಾಗಿ ದಾಟಿ ಆಚೆ ಬರುತ್ತದೆ. ಬೆರಳುಗಳು ಅದನ್ನು ಬಿಟ್ಟು, ಆಚೆ ಬದಿಯಲ್ಲಿ ಮತ್ತೆ ಹಿಡಿದು, ನೂಲನ್ನೆಲ್ಲ ಎಳೆದು, ತಿರುಗಿ ಚುಚ್ಚುತ್ತವೆ. ಬಿಡುವುದು, ಹಿಡಿಯುವುದು, ಎಳೆಯುವುದು, ತಿರುಗುವುದು ಎಂಬ ಈ ನಾಲ್ಕು ಕ್ರಿಯೆಗಳು ಕೈಗೆ ಸಹಜ, ಕಬ್ಬಿಣಕ್ಕೆ ಬಲು ಕಷ್ಟ. ಹನ್ನೆರಡನೆಯ ಶತಮಾನದಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ಶರಣರಿದ್ದರು. ಕಾಯಕದ ಹೆಸರೇ ಅವರ ಹೆಸರಿನೊಂದಿಗೆ ಉಳಿದುಬಂದಿದೆ. ಅವರ ಕಾಲದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಸೂಜಿಯ ಕೆಲಸ ಬಹುಮಟ್ಟಿಗೆ ಒಂದೇ ರೀತಿಯಲ್ಲಿ ನಡೆದುಬಂದಿತು.

ಈ ಕಷ್ಟವನ್ನು ಮೊದಲು ದಾಟಿದವನು ಫ್ರಾನ್ಸಿನ ಬಾರ್ತೆಲೆಮಿ ತಿಮೋನಿಯೆ ಎಂಬ ಬಡ ದರ್ಜಿ. 1830ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು. ಅವನು ಅನುಕರಿಸಿದ್ದು ದರ್ಜಿಯ ಸೂಜಿಯನ್ನಲ್ಲ, ಕಸೂತಿಯ ಕೊಕ್ಕೆ ಸೂಜಿಯನ್ನು. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಮೇಲಿನಿಂದ ಕೊಕ್ಕೆಯ ಸೂಜಿ ಇಳಿಸಿ, ಕೆಳಗಿನ ನೂಲನ್ನು ಕುಣಿಕೆಯಾಗಿ ಮೇಲಕ್ಕೆ ಎತ್ತಿ, ಕುಣಿಕೆಯೊಳಗೆ ಕುಣಿಕೆ ಹಾಕುತ್ತ ಸರಪಳಿಯಂತೆ ಸಾಗುವ ಕೆಲಸ ಅದು. ಫ್ರೆಂಚರು ಅದನ್ನು ಟ್ಯಾಂಬೂರ್ ಎಂದು ಕರೆಯುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಪೂರ್ವದೇಶಗಳಿಂದ ಯೂರೋಪಿಗೆ ಹೋದ ವಿದ್ಯೆ ಅದು. ನಮ್ಮಲ್ಲಿ ಅದರ ಹೆಸರು ಆರಿ. ಇಂದು ಮದುವೆಯ ರವಿಕೆಗಳಿಗೆ 'ಆರಿ ವರ್ಕ್', 'ಮಗ್ಗಂ ವರ್ಕ್' ಎಂದು ಆರ್.ಟಿ. ನಗರದಲ್ಲಿ, ಯಶವಂತಪುರದಲ್ಲಿ ಬೋರ್ಡು ಹಾಕಿಕೊಂಡಿರುವ ಅಂಗಡಿಗಳ ಒಳಗೆ ನಡೆಯುವುದು ಇದೇ ಕೊಕ್ಕೆಯ ಕೆಲಸ. ಹೊಲಿಗೆ ಯಂತ್ರವು ಹುಟ್ಟಿದ್ದೇ ಕಸೂತಿಯ ಕೈಯನ್ನು ನೋಡಿ! ಹೊಲಿಗೆಯನ್ನೂ ಕಸೂತಿಯನ್ನೂ ಒಂದೇ ಯಂತ್ರದಲ್ಲಿ ಕೂಡಿಸಿದ್ದೇವೆ ಎಂದು ಇಂದಿನ ಜಾಹೀರಾತುಗಳು ಹೇಳುವಾಗ, ಇವೆರಡೂ ಮೂಲದಲ್ಲಿ ಒಂದೇ ಮನೆಯ ಮಕ್ಕಳು ಎಂಬುದು ನೆನಪಾಗುತ್ತದೆ.

ತಿಮೋನಿಯೆಯ ಯಂತ್ರಗಳ ಗತಿ ಏನಾಯಿತು? ಪ್ಯಾರಿಸಿನ ಒಂದು ಕಾರ್ಖಾನೆಯಲ್ಲಿ ಸುಮಾರು 80 ಯಂತ್ರಗಳು ಸೈನಿಕರ ಸಮವಸ್ತ್ರ ಹೊಲಿಯತೊಡಗಿದವು. 1831ರ ಜನವರಿಯಲ್ಲಿ ದರ್ಜಿಗಳ ಗುಂಪು ಒಳನುಗ್ಗಿ ಅವನ್ನು ಒಡೆದುಹಾಕಿತು. ಇದನ್ನು ಓದಿದವರು ಸಾಮಾನ್ಯವಾಗಿ 'ಪ್ರಗತಿಯ ವಿರೋಧಿಗಳು' ಎಂದು ಆ ದರ್ಜಿಗಳನ್ನು ಹಳಿದು ಮುಂದೆ ಸಾಗುತ್ತಾರೆ. ಆದರೆ ಅವರ ಕಡೆಯಿಂದ ಸ್ವಲ್ಪ ಯೋಚಿಸಿ ನೋಡಿ. ಯಂತ್ರವೊಂದು ದರ್ಜಿಯ ಮನೆಯಲ್ಲಿದ್ದರೆ ಅದು ಅವನ ಕೈಗೆ ಬಲ. ಎಂಬತ್ತು ಯಂತ್ರಗಳು ಬೇರೊಬ್ಬನ ಸೂರಿನ ಕೆಳಗಿದ್ದರೆ ಅವು ಅವನ ಅನ್ನಕ್ಕೆ ಸಂಚಕಾರ. ಅವರ ಸಿಟ್ಟನ್ನು ನಾನು ಓದಿಕೊಳ್ಳುವುದು ಹೀಗೆ: ಯಂತ್ರ ಎಷ್ಟು ಚೆನ್ನಾಗಿ ಹೊಲಿಯುತ್ತದೆ ಎಂಬುದು ಒಂದು ಪ್ರಶ್ನೆ, ಅದು ಯಾರ ಮಾತು ಕೇಳುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಮುಂದಿನ ಚರಿತ್ರೆಯುದ್ದಕ್ಕೂ ಈ ಎರಡನೆಯ ಪ್ರಶ್ನೆ ನಮ್ಮನ್ನು ಹಿಂಬಾಲಿಸುತ್ತದೆ.

1846ರಲ್ಲಿ ಅಮೆರಿಕದ ಇಲಿಯಾಸ್ ಹೋವ್ ಪಡೆದ ಪೇಟೆಂಟಿನಲ್ಲಿ ಸೂಜಿಯ ಕಣ್ಣು ಮೊನೆಯ ಬಳಿಯೇ ಇತ್ತು. ಸೂಜಿ ಬಟ್ಟೆಯನ್ನು ಪೂರ್ತಿ ದಾಟುವ ಅಗತ್ಯವೇ ಇಲ್ಲವಾಯಿತು. ಮೊನೆಯಷ್ಟೇ ಕೆಳಗಿಳಿದು ನೂಲಿನ ಕುಣಿಕೆಯನ್ನು ಬಿಟ್ಟುಕೊಡುತ್ತದೆ, ಕೆಳಗಿನ ಇನ್ನೊಂದು ನೂಲು ಅದರೊಳಗೆ ಹಾಯ್ದು ಬೀಗ ಹಾಕುತ್ತದೆ. ಮೇಲೊಂದು ನೂಲು, ಕೆಳಗೆ ಬಾಬಿನ್ನಿನಲ್ಲೊಂದು ನೂಲು. ನಮ್ಮ ಮನೆಯ ಯಂತ್ರಗಳೆಲ್ಲ ಇಂದಿಗೂ ನಡೆಯುವುದು ಹೀಗೆಯೇ. 1851ರಲ್ಲಿ ಐಸಾಕ್ ಸಿಂಗರ್ ಇದನ್ನು ಸುಧಾರಿಸಿದ. ನೆಟ್ಟಗೆ ಮೇಲೆ ಕೆಳಗೆ ಚಲಿಸುವ ಸೂಜಿ, ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ, ಕಾಲಿನಿಂದ ತುಳಿಯುವ ಹಲಗೆ ಬಂದವು. ಆದರೆ ಸಿಂಗರ್ ಕಂಪನಿಯ ಅಷ್ಟೇ ದೊಡ್ಡ ಹೊಸತನ ಇನ್ನೊಂದಿತ್ತು. 1856ರಿಂದ ಅದು ಯಂತ್ರಗಳನ್ನು ಕಂತಿನ ಮೇಲೆ ಮಾರತೊಡಗಿತು. ಮನೆಯ ಹೆಣ್ಣುಮಕ್ಕಳು, ಸಣ್ಣ ದರ್ಜಿಗಳು ಸ್ವಂತ ಯಂತ್ರದ ಒಡೆಯರಾದರು. ತಿಮೋನಿಯೆಯ ಕಾಲದ ಎರಡನೆಯ ಪ್ರಶ್ನೆಗೆ ಹೀಗೆ ಒಂದು ಉತ್ತರ ದೊರೆಯಿತು. ಜೊತೆಗೆ ಸಾಲವೆಂಬುದೂ ಯಂತ್ರದ ಹಿಂದೆಯೇ ಮನೆಯೊಳಗೆ ಬಂದಿತು.

ಸಿಂಗರ್ ಯಂತ್ರ 1870ರ ದಶಕದಲ್ಲಿ ಭಾರತಕ್ಕೆ ಬಂದಿತು. ಯಂತ್ರಗಳ ಬಗ್ಗೆ ಅಷ್ಟೊಂದು ಸಂಶಯ ತಾಳಿದ್ದ ಗಾಂಧೀಜಿಯವರು ಇದೊಂದನ್ನು ಒಪ್ಪಿಕೊಂಡರು. 1924ರಲ್ಲಿ ರಾಮಚಂದ್ರನ್ ಎಂಬ ಯುವಕನೊಂದಿಗೆ ಅವರು ನಡೆಸಿದ ಸಂಭಾಷಣೆ 'ಯಂಗ್ ಇಂಡಿಯಾ'ದಲ್ಲಿ ಪ್ರಕಟವಾಯಿತು. ತಮ್ಮ ವಿರೋಧ ಯಂತ್ರಕ್ಕಲ್ಲ, ಯಂತ್ರದ ಹುಚ್ಚಿಗೆ ಎಂದೂ, ಮನುಷ್ಯನ ಅಂಗಾಂಗಗಳನ್ನು ಜಡಗೊಳಿಸದ ಯಂತ್ರಕ್ಕೆ ತಮ್ಮ ಒಪ್ಪಿಗೆ ಇದೆ ಎಂದೂ ಹೇಳಿ, ಸಿಂಗರ್ ಹೊಲಿಗೆ ಯಂತ್ರವನ್ನೇ ಉದಾಹರಣೆ ಕೊಟ್ಟರು. ಹೆಂಡತಿಯು ಕೈಹೊಲಿಗೆಯಲ್ಲಿ ಬಳಲುವುದನ್ನು ನೋಡಲಾರದೆ ಸಿಂಗರ್ ಇದನ್ನು ಕಂಡುಹಿಡಿದ ಎಂಬ ಭಾವದ ಮಾತನ್ನೂ ಆಡಿದರು. ಚರಿತ್ರೆಯ ಅಧ್ಯಾಪಕಿಯಾಗಿ ಇಲ್ಲಿ ನಾನೊಂದು ತಿದ್ದುಪಡಿ ಹಾಕಲೇಬೇಕು. ಸಿಂಗರ್ ಬಾಸ್ಟನ್ನಿನ ಒಂದು ಕಾರ್ಯಾಗಾರದಲ್ಲಿ ದುರಸ್ತಿಗೆ ಬಂದ ಯಂತ್ರವನ್ನು ಕಂಡು ಇದರಲ್ಲಿ ಲಾಭವಿದೆಯೆಂದು ಕೈಹಾಕಿದವನು. ಕೌಟುಂಬಿಕ ನಿಷ್ಠೆಗೆ ಹೆಸರಾದವನೂ ಅಲ್ಲ. ಕಥೆ ನಿಜವಲ್ಲದಿದ್ದರೂ ಗಾಂಧೀಜಿಯವರ ತರ್ಕ ಕೆಡುವುದಿಲ್ಲ. ಅವರು ನೋಡಿದ್ದು ಯಂತ್ರ ಯಾರಿಂದ ಹುಟ್ಟಿತು ಎಂಬುದಕ್ಕಿಂತ ಯಾರ ಕೈಯಲ್ಲಿ ನೆಲೆಸಿತು ಎಂಬುದನ್ನು.

1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ಯಂತ್ರ ತಯಾರಾಯಿತು. ಸ್ವಾತಂತ್ರ್ಯಾನಂತರ ಮಧ್ಯಮವರ್ಗದ ಮನೆಗಳಿಗೆ ಬಂದದ್ದು ಹೆಚ್ಚಾಗಿ ಇಂತಹ ದೇಶೀಯ ಯಂತ್ರಗಳೇ. ನನ್ನ ತಾಯಿಯವರದೂ ಉಷಾ. ಕಪ್ಪು ಮೈ, ಹೊಂಬಣ್ಣದ ಅಕ್ಷರ, ಕೈಯಿಂದ ತಿರುಗಿಸುವ ಹಿಡಿ. ಬೇಸಿಗೆ ರಜೆಯಲ್ಲಿ ಎಣ್ಣೆ ಬಿಡುವ ಕೆಲಸ ನನ್ನದು. ಯಾವ ತೂತಿಗೆ ಎಷ್ಟು ಹನಿ ಎಂಬುದು ಇಂದಿಗೂ ಬಾಯಿಪಾಠ. ಅಕ್ಕಪಕ್ಕದವರ ರವಿಕೆ, ಲಂಗಗಳನ್ನು ಹೊಲಿದು ಬಂದ ಹಣವನ್ನು ಅವರು ಒಂದು ಬೋರ್ನ್‌ವಿಟಾ ಡಬ್ಬಿಯಲ್ಲಿ ಇಡುತ್ತಿದ್ದರು. ಮನೆಯಲ್ಲಿ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಹಣ ಅದೊಂದೇ. ನನ್ನ ಬಿ.ಎಡ್. ಶುಲ್ಕದ ಮೊದಲ ಭಾಗ ಆ ಡಬ್ಬಿಯಿಂದಲೇ ಬಂದಿತು.

ಇನ್ನು ಕಸೂತಿ ಯಂತ್ರದ ವಂಶಾವಳಿ. 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ಎಂಬವನು ತೂತು ಹೊಡೆದ ರಟ್ಟುಗಳ ಸರಮಾಲೆಯಿಂದ ಮಗ್ಗಕ್ಕೆ ವಿನ್ಯಾಸವನ್ನು 'ಓದಿಸುವ' ಉಪಾಯ ಕಂಡುಹಿಡಿದ. ಯಲಹಂಕದ ಹಳೆಯ ಬೀದಿಗಳಲ್ಲಿ, ದೊಡ್ಡಬಳ್ಳಾಪುರದಲ್ಲಿ ರೇಷ್ಮೆಸೀರೆ ನೇಯುವ ವಿದ್ಯುನ್ಮಗ್ಗಗಳ ಸದ್ದನ್ನು ಕೇಳಿದವರಿಗೆ ಈ ಹೆಸರು ಹೊಸದಲ್ಲ. ಸೆರಗಿನ ನವಿಲು, ಅಂಚಿನ ಗೋಪುರ ಮೂಡುವುದು ಅದೇ ಉಪಾಯದಿಂದ. 1828ರಲ್ಲಿ ಹೈಲ್ಮಾನ್ ಎಂಬವನು ಏಕಕಾಲಕ್ಕೆ ಅನೇಕ ಸೂಜಿಗಳಿಂದ ಕಸೂತಿ ಹಾಕುವ ಯಂತ್ರ ಮಾಡಿದ. 1863ರಲ್ಲಿ ಸ್ವಿಟ್ಜರ್ಲೆಂಡಿನ ಐಸಾಕ್ ಗ್ರೋಬ್ಲಿಯು ಹೊಲಿಗೆ ಯಂತ್ರದ ಎರಡು ನೂಲಿನ ತತ್ತ್ವವನ್ನೇ ಕಸೂತಿಗೆ ತಂದ. ಮುಂದೆ ರಟ್ಟಿನ ಜಾಗಕ್ಕೆ ಕಂಪ್ಯೂಟರ್ ಬಂದಿತು. ಜಪಾನಿನ ಜನೋಮೆ ಕಂಪನಿ 1979ರಲ್ಲಿ ಗೃಹಬಳಕೆಯ ಕಂಪ್ಯೂಟರ್ ಹೊಲಿಗೆ ಯಂತ್ರವನ್ನೂ, 1990ರಲ್ಲಿ ಮನೆಯಲ್ಲೇ ಕಸೂತಿ ಹಾಕುವ ಯಂತ್ರವನ್ನೂ ಹೊರತಂದಿತು. ನನ್ನ ವಿದ್ಯಾರ್ಥಿನಿಗೆ ತೋರಿಸಿದ ಯಂತ್ರ ಈ ಎರಡು ವಂಶಗಳ ಕೂಸು: ಸೂಜಿ ಹೋವ್‌ನದು, ಬುದ್ಧಿ ಜಕಾರ್ಡ್‌ನದು.

ಅವಳ ಗಿರಾಕಿಗಳಲ್ಲಿ ಕೆಲವರು ಧಾರವಾಡದ ಕಸೂತಿಯನ್ನು ಕೇಳುತ್ತಾರಂತೆ. ಯಂತ್ರದಲ್ಲಿ ಆ ವಿನ್ಯಾಸವೂ ಬರುತ್ತದೆ ಎಂದು ಮಾರಾಟದವರು ಒಂದು ಮಾದರಿಯ ಬಟ್ಟೆ ಕೊಟ್ಟಿದ್ದರು. ಒಂದು ಭಾನುವಾರ ಅವಳು ಅದನ್ನು ಹಿಡಿದು ಯಲಹಂಕದ ನಮ್ಮ ಮನೆಗೆ ಬಂದಳು. ನಮ್ಮ ಅತ್ತೆಯವರು ಧಾರವಾಡದ ಕಡೆಯವರು. ಅವರ ಮದುವೆಯ ಕಪ್ಪು ಚಂದ್ರಕಾಳಿ ಸೀರೆ ನನ್ನ ಬಳಿ ಇದೆ. ಎರಡನ್ನೂ ಮಂಚದ ಮೇಲೆ ಅಕ್ಕಪಕ್ಕ ಹರಡಿದೆವು. ಮುಂಬದಿಯಲ್ಲಿ ನೋಡಿದರೆ ಯಂತ್ರದ ಗೋಪುರವೇ ಹೆಚ್ಚು ಅಚ್ಚುಕಟ್ಟು. "ಈಗ ತಿರುಗಿಸು" ಎಂದೆ. ಯಂತ್ರದ ಮಾದರಿಯ ಹಿಂಬದಿಯಲ್ಲಿ ಬಾಬಿನ್ನಿನ ಬಿಳಿಯ ನೂಲು, ಬಟ್ಟೆ ಸುಕ್ಕಾಗದಂತೆ ಇಟ್ಟ ಪೇಪರಿನ ಚೂರು, ಅಲ್ಲಲ್ಲಿ ಕತ್ತರಿಸಿದ ತುದಿಗಳು. ಅತ್ತೆಯವರ ಸೀರೆಯ ಹಿಂಬದಿಯಲ್ಲಿ ಅದೇ ಗೋಪುರ, ಅದೇ ಕೆಂಪು, ಗಂಟಿಲ್ಲ, ತುದಿಯಿಲ್ಲ. ಅವಳು ಬಹಳ ಹೊತ್ತು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಹದಿನೈದು ವರ್ಷದಿಂದ ಸೂಜಿ ಹಿಡಿದವಳಿಗೆ ನಾನು ಹೆಚ್ಚು ವಿವರಿಸಬೇಕಾಗಲಿಲ್ಲ.

ಓದುಗರಿಗಾಗಿ ವಿವರಿಸುತ್ತೇನೆ. ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗೆ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆಗಳನ್ನು ಎಣಿಸಿಯೇ ಹಾಕಬೇಕು. ಗವಂತಿಯಲ್ಲೂ ಮುರಗಿಯಲ್ಲೂ ಸೂಜಿ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಮುಂದೆ ಹೋಗುತ್ತದೆ, ತೆರಪುಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಮರಳಿ ಬರುತ್ತದೆ. ಹೊರಟಲ್ಲಿಗೇ ಮರಳುವಂತೆ ಇಡೀ ಗೋಪುರದ, ತೇರಿನ, ತುಳಸಿಕಟ್ಟೆಯ ದಾರಿಯನ್ನು ಮನಸ್ಸಿನಲ್ಲೇ ಹಾಕಿಕೊಳ್ಳಬೇಕು. ಆದ್ದರಿಂದಲೇ ಎರಡೂ ಬದಿ ಒಂದೇ. ಯಂತ್ರದ ಸೂಜಿ ಬಟ್ಟೆಯನ್ನು ದಾಟುವುದೇ ಇಲ್ಲವಾದ್ದರಿಂದ, ಕೆಳಗೂ ಅದೇ ಬಣ್ಣದ ನೂಲು ಹಾಕಿ ಹೋಲಿಕೆ ತರಬಹುದೇ ಹೊರತು, ಒಂದೇ ನೂಲು ಹೋಗಿ ಮರಳುವ ಕೆಲಸ ಅದಕ್ಕೆ ಅಸಾಧ್ಯ. 1846ರಲ್ಲಿ ಯಾವುದನ್ನು ಕೈಬಿಟ್ಟದ್ದರಿಂದ ಯಂತ್ರ ಸಾಧ್ಯವಾಯಿತೋ ಅದರಲ್ಲಿಯೇ ಕಸೂತಿಯ ಜೀವ ಇದೆ. ಧಾರವಾಡದ ಈ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಸಂಡೂರಿನ ಲಂಬಾಣಿ ಕಸೂತಿಗೂ ಅದು ದೊರೆತಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಕೆಲಸದ 1,755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಹಾಗೆಂದು ಯಂತ್ರ ಬೇಡ, ಕೈಯೇ ಮೇಲು ಎಂದು ಹೇಳಿಬಿಡುವುದು ಸುಲಭ. ಹಾಗೆ ಹೇಳಿ ಕುಳಿತುಕೊಳ್ಳುವುದು ಪಿಂಚಣಿ ಬರುವವರಿಗೆ ಮಾತ್ರ ಸಾಧ್ಯ. ಶಾಲೆಯ ಸಮವಸ್ತ್ರದ ಲಾಂಛನ, ಸಾಲು ಹೂವಿನ ತೋಳು, ಮಗುವಿನ ಫ್ರಾಕಿನ ಹೆಸರು, ಇವನ್ನೆಲ್ಲ ಕೈಯಲ್ಲಿ ಹಾಕಿದರೆ ಕೂಲಿ ಹುಟ್ಟುವುದಿಲ್ಲ. ಅಲ್ಲದೆ ಸ್ವಂತ ಯಂತ್ರವಿಲ್ಲದವರ ಪಾಡನ್ನು ನಾವು ಈ ಭಾಗದಲ್ಲಿ ಕಣ್ಣೆದುರಿಗೇ ಕಂಡಿದ್ದೇವೆ. 2016ರ ಏಪ್ರಿಲ್ 18 ಮತ್ತು 19ರಂದು ಭವಿಷ್ಯನಿಧಿಯ ಹೊಸ ನಿಯಮವನ್ನು ವಿರೋಧಿಸಿ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆಯಲ್ಲೂ, ಇತ್ತ ಪೀಣ್ಯ, ಜಾಲಹಳ್ಳಿ ಕ್ರಾಸ್ ಕಡೆಯಲ್ಲೂ ಬೀದಿಗಿಳಿದರು. ತಮ್ಮದೇ ಉಳಿತಾಯವನ್ನು 58 ವರ್ಷದವರೆಗೆ ಪೂರ್ತಿಯಾಗಿ ತೆಗೆಯಲಾಗದು ಎಂಬ ಆ ನಿಯಮವನ್ನು ಕೇಂದ್ರ ಸರ್ಕಾರ ಹಿಂತೆಗೆದುಕೊಂಡಿತು. ದಿನವಿಡೀ ಯಂತ್ರದ ಮುಂದೆ ಕುಳಿತವರೇ ಅವರು. ಆದರೆ ಯಂತ್ರ ಅವರದಲ್ಲ, ಎಷ್ಟು ಕಾಲರು, ಎಷ್ಟು ತೋಳು ಎಂಬ ಲೆಕ್ಕವೂ ಅವರದಲ್ಲ. ಅಂಗಡಿ ಇಟ್ಟುಕೊಳ್ಳುವ ಮುಂಚೆ ನನ್ನ ವಿದ್ಯಾರ್ಥಿನಿಯೂ ಅಂತಹ ಒಂದು ಸಾಲಿನಲ್ಲಿ ಆರು ವರ್ಷ ಕುಳಿತವಳು. ಆ ಸಾಲಿಗೆ ಮರಳಬಾರದು ಎಂಬುದೇ ಅವಳ ಪ್ರಶ್ನೆಯ ಹಿಂದಿದ್ದ ಭಯ.

ಆದ್ದರಿಂದ ಚರಿತ್ರೆಯನ್ನು ಬದಿಗಿಟ್ಟು ಇಬ್ಬರೂ ಗಣಿತಕ್ಕೆ ಕುಳಿತೆವು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯದೂ ಒಂದು; ನೋಂದಣಿ, ತರಬೇತಿ ಮುಗಿಸಿದವರಿಗೆ ಮೊದಲ ಹಂತದಲ್ಲಿ ಒಂದು ಲಕ್ಷ ರೂಪಾಯಿವರೆಗೆ ಶೇಕಡ 5ರ ಬಡ್ಡಿಗೆ 18 ತಿಂಗಳ ಸಾಲ ಎಂದು ಅದರಲ್ಲಿದೆ. ಅಷ್ಟು ಸಾಲ ಸಿಕ್ಕಿ, ಉಳಿದದ್ದನ್ನು ಕೈಯಿಂದ ಹಾಕಿದರೂ ತಿಂಗಳ ಕಂತು ಸುಮಾರು 5,780 ರೂಪಾಯಿ. ನೂಲು, ಪೇಪರು, ವಿದ್ಯುತ್ ಕಳೆದು ಒಂದು ರವಿಕೆಯ ಕಸೂತಿಯಲ್ಲಿ 200 ರೂಪಾಯಿ ಉಳಿಯುತ್ತದೆಂದು ಹಿಡಿದರೆ ಕಂತಿಗಾಗಿಯೇ ತಿಂಗಳಿಗೆ 29 ರವಿಕೆ ಬೇಕು. ಇನ್ನು ಸಮಯ. ಒಂದು ತೋಳಿಗೆ 20,000 ಹೊಲಿಗೆಯ ವಿನ್ಯಾಸ, ನಿಮಿಷಕ್ಕೆ 600 ಹೊಲಿಗೆಯ ವೇಗವಾದರೆ 33 ನಿಮಿಷ. ಎರಡು ತೋಳಿಗೆ 66. ಒಂದೇ ಸೂಜಿಯ ಯಂತ್ರವಾದ್ದರಿಂದ ಬಣ್ಣ ಬದಲಾದಾಗಲೆಲ್ಲ ಪಕ್ಕದಲ್ಲಿದ್ದು ನೂಲು ಪೋಣಿಸಬೇಕು. ಆ ಹೊತ್ತನ್ನು ಬಿಟ್ಟರೂ 29 ರವಿಕೆಗೆ ಸುಮಾರು 32 ಗಂಟೆ. ಅಷ್ಟು ಹೊತ್ತೂ ಆ ಯಂತ್ರ ಕಸೂತಿ ಹಾಕುತ್ತಿರುತ್ತದೆ, ಹೊಲಿಗೆಗೆ ಸಿಗುವುದಿಲ್ಲ. ಎರಡು ಕೆಲಸ ಬಲ್ಲ ಯಂತ್ರವಾದರೂ ಒಂದು ಸಲಕ್ಕೆ ಒಂದೇ ಕೆಲಸ! ಹಳೆಯ ಉಷಾವನ್ನು ಕೊಟ್ಟು ಹೊಸದನ್ನು ತಂದರೆ ಅನ್ನ ಕೊಡುವ ನೇರ ಹೊಲಿಗೆಯೇ ನಿಂತುಹೋಗುತ್ತದೆ. ಹಳೆಯದನ್ನು ಕೊಡಬಾರದು ಎಂಬುದು ಅಲ್ಲಿಯೇ ತೀರ್ಮಾನವಾಯಿತು.

ಉಳಿದದ್ದು, ತಿಂಗಳಿಗೆ 29 ರವಿಕೆ ಬರುತ್ತವೆಯೇ ಎಂಬ ಪ್ರಶ್ನೆ. ಅದಕ್ಕೆ ಊಹೆ ಬೇಡ, ಬರೆದಿಡು ಎಂದೆ. ಯಂತ್ರದ ಕಸೂತಿ ಕೇಳಿ ಬಂದವರನ್ನೆಲ್ಲ ಅವಳು ಒಂದು ಪುಸ್ತಕದಲ್ಲಿ ಗುರುತು ಹಾಕುತ್ತ, ಅಲ್ಲಿಯವರೆಗೆ ಆ ಕೆಲಸವನ್ನು ಹೊರಗೆ ಮಾಡಿಸಿಕೊಡತೊಡಗಿದಳು. ಆಷಾಢದಿಂದ ನಾಲ್ಕು ತಿಂಗಳ ಲೆಕ್ಕ ಹೀಗಿದೆ: 9, 31, 24, 22. ಒಟ್ಟು 86, ಸರಾಸರಿ ಇಪ್ಪತ್ತೊಂದೂವರೆ. ಹಬ್ಬವಿದ್ದ ಒಂದು ತಿಂಗಳು ಮಾತ್ರ ಕಂತು ದಾಟಿತು. ಈ ವರ್ಷ ಬೇಡ ಎಂದು ಅವಳೇ ನಿರ್ಧರಿಸಿದ್ದಾಳೆ. ಪುಸ್ತಕದಲ್ಲಿ ಇನ್ನೊಂದು ಸಂಗತಿಯೂ ಹೊರಬಂದಿತು. ಕೈಯ ಆರಿ ಕೆಲಸ ಕೇಳಿ ಬಂದು, ಇಲ್ಲ ಎನಿಸಿಕೊಂಡು ಹೋದವರು ಅದೇ ನಾಲ್ಕು ತಿಂಗಳಲ್ಲಿ 40 ಮಂದಿ. ಅದಕ್ಕೆ ಬೇಕಾದುದು ಒಂದು ಮರದ ಚೌಕಟ್ಟು, ಕೆಲವು ಕೊಕ್ಕೆ ಸೂಜಿಗಳು, ಕೆಲವು ತಿಂಗಳ ಕಲಿಕೆ. ಕಾಜ ಗುಂಡಿ ಹಾಕುವ ಹುಡುಗಿ ಈಗ ಅದನ್ನು ಕಲಿಯಲು ಹೋಗುತ್ತಿದ್ದಾಳೆ. ತಿಮೋನಿಯೆ ಯಂತ್ರಕ್ಕೆ ಕೊಟ್ಟ ಕೊಕ್ಕೆ ಇಲ್ಲಿ ಮತ್ತೆ ಕೈಗೆ ಬಂದಿದೆ.

ಮುಂದಿನ ವರ್ಷ ಪುಸ್ತಕದ ಸಂಖ್ಯೆ 29ನ್ನು ದಾಟಿ ನಿಂತರೆ ಅವಳು ಆ ಯಂತ್ರವನ್ನು ಕೊಳ್ಳಲಿ. ನಾನೇ ಹೋಗಿ ಅರಿಶಿನ ಕುಂಕುಮ ಹಚ್ಚಿ ಬರುತ್ತೇನೆ. ಕೆಲಸ ಹೆಚ್ಚಾಗಿ ಯಂತ್ರ ಬರುವುದು ಒಂದು, ಬಂದ ಯಂತ್ರದ ಕಂತಿಗಾಗಿ ಕೆಲಸ ಹುಡುಕುವುದು ಇನ್ನೊಂದು. ಮೊದಲನೆಯದರಲ್ಲಿ ಯಂತ್ರ ನಮ್ಮ ಮಾತು ಕೇಳುತ್ತದೆ. ಎರಡನೆಯದರಲ್ಲಿ ನಾವು ಅದರ ಮಾತು ಕೇಳಬೇಕಾಗುತ್ತದೆ. ಇನ್ನೂರು ವರ್ಷಗಳ ಸೂಜಿಯ ಚರಿತ್ರೆಯಿಂದ ನಾನು ಅವಳಿಗೆ ಹೇಳಬಹುದಾಗಿದ್ದುದು ಇಷ್ಟೇ.

ನೆಂಟರಿಷ್ಟರಲ್ಲಿ, ಶಿಷ್ಯರಲ್ಲಿ ನನ್ನದೊಂದು ಬಿನ್ನಹವಿದೆ. ನಿಮ್ಮ ಅಟ್ಟದ ಮೇಲೆ, ಮಂಚದ ಕೆಳಗೆ ಅಮ್ಮಂದಿರ ಕಪ್ಪು ಯಂತ್ರಗಳು ಧೂಳು ಹಿಡಿದು ಕುಳಿತಿರಬಹುದು. ಅವನ್ನು ಗುಜರಿಗೆ ತೂಕಕ್ಕೆ ಹಾಕಬೇಡಿ. ಒಂದಿಷ್ಟು ಎಣ್ಣೆ, ಒಂದು ಹೊಸ ಬೆಲ್ಟು ಹಾಕಿಸಿದರೆ ಬಹುಪಾಲು ಇನ್ನೂ ನಡೆಯುತ್ತವೆ. ನಿಮಗೆ ಬೇಡವಾದರೆ ನನಗೆ ತಿಳಿಸಿ. ಹೊಲಿಗೆ ಕಲಿತೂ ಯಂತ್ರವಿಲ್ಲದೆ ಕಾರ್ಖಾನೆಯ ಸಾಲಿಗೆ ಹೊರಟುನಿಂತಿರುವ ಹೆಣ್ಣುಮಕ್ಕಳು ಯಲಹಂಕದಲ್ಲಿಯೇ ನನಗೆ ಮೂವರು ಗೊತ್ತು.